ನೀಲಿ ಬಾಗಿಲ ಒಳಗಡೆ

ಆ ಊರಿನಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಒಂದು ನೀಲಿ ಬಾಗಿಲು ಇರುತ್ತಿತ್ತು. ಹೊಸದಾಗಿ ಮದುವೆಯಾದವರು, ಹಲ್ಲು ಬಾರದ ಕೂಸುಗಳು, ಕೆಲಸದಿಂದ ನಿವೃತ್ತಿಯಾದ ದಿನ ಭಾವಮೈದುನನ ಕೋಟು ಎರವಲು ತಂದು ತೊಟ್ಟ ಗುಮಾಸ್ತರು, ಎಲ್ಲರೂ ಆ ಬಾಗಿಲ ಮುಂದೆಯೇ ನಿಂತಿದ್ದರು. ಬಿಳಿ ಮೆಟ್ಟಿಲು, ಮೆಟ್ಟಿಲ ಮೇಲೆ ನೀಲಿ ಬಾಗಿಲು, ಬಾಗಿಲ ಮೇಲೆ ಸೀಳಿದ ಕಲ್ಲಿನ ಕಮಾನು, ಪಕ್ಕದಲ್ಲಿ ಒಂದು ಚೂರು ಕಡಲು. ಅದು ಫೋಟೋ ಸ್ಟುಡಿಯೋದ ಪರದೆ. ಊರಿಗೆ ಇದ್ದದ್ದೇ ಒಂದು ಸ್ಟುಡಿಯೋ, ಸ್ಟುಡಿಯೋಗೆ ಇದ್ದದ್ದೇ ಒಂದು ಪರದೆ. ಹಾಗಾಗಿ ಹುಟ್ಟಿದಾರಭ್ಯ ಕಡಲನ್ನೇ ಕಾಣದ ಆ ಊರಿನವರೆಲ್ಲ ಕಡಲ ದಂಡೆಯಲ್ಲಿ ನಿಂತು ನಕ್ಕವರೇ. ಇದು ಯಾವ ಊರಪ್ಪಾ ಎಂದು ಪರದೆ ಬರೆದವನನ್ನು ಕೇಳಿದ್ದಕ್ಕೆ ಆ ಪುಣ್ಯಾತ್ಮ ಮೀಸೆ ತಿರುವಿ, "ಇದು ನನ್ನ ತಲೆಯೊಳಗಿನ ಊರು" ಎಂದಿದ್ದ. ಎಲ್ಲರೂ ನಂಬಿದ್ದರು.

ಪರದೆಯ ಮುಂದೆ ಜನರನ್ನು ನಿಲ್ಲಿಸಿ ಕ್ಲಿಕ್ ಎನ್ನಿಸುವವನು ಗಂಡ. ಆ ಜನ ನೋಡಲು ಚೆನ್ನಾಗಿ ಕಾಣುವಂತೆ ಮಾಡುವವಳು ಹೆಂಡತಿ. ಈ ಕಥೆ ಹೆಂಡತಿಯದು. ಊರವರು ಅವಳನ್ನು ಟಚ್ಚಿಂಗ್ ಅಕ್ಕ ಎನ್ನುತ್ತಿದ್ದರು. ಫೋಟೋ ತೆಗೆಯುವ ಮುಂಚೆ ಕೂದಲು ಬಾಚಿ, ಕಾಲರ್ ಸರಿಮಾಡಿ, ಎರಡು ಬೆರಳಲ್ಲಿ ಗದ್ದ ಎತ್ತಿ ಕೂರಿಸುವುದು ಅವಳ ಕೆಲಸ. ತೆಗೆದ ಮೇಲೆ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಇರುವೆಯ ಕಾಲಿನಷ್ಟು ತೆಳ್ಳಗಿನ ಕುಂಚದಿಂದ ಮೊಡವೆ ಮುಚ್ಚುವುದು, ಕಣ್ಣ ಕೆಳಗಿನ ಕಪ್ಪು ಅಳಿಸುವುದು, ಫ್ಲ್ಯಾಶಿಗೆ ಮುಚ್ಚಿಹೋದ ಕಣ್ಣನ್ನು ತೆರೆಸುವುದೂ ಅವಳ ಕೆಲಸವೇ. ಅವಳ ಕುಂಚದಿಂದ ಕೂಡಿಬಂದ ಸಂಬಂಧಗಳು ಎಷ್ಟೋ. ಆಮೇಲೆ ಹುಡುಗ ಹುಡುಗಿ ಎದುರುಬದುರು ಕೂತು ಬೆಚ್ಚಿಬಿದ್ದ ಸಂಬಂಧಗಳೂ ಎಷ್ಟೋ. "ನಾನು ಮುಖ ತಿದ್ದಬಲ್ಲೆ, ಹಣೆಬರಹ ತಿದ್ದೋಕಾಗುತ್ತಾ?" ಎಂದು ಅವಳು ಜಗಳಕ್ಕೆ ಬಂದವರ ಬಾಯಿ ಮುಚ್ಚಿಸುತ್ತಿದ್ದಳು.

ಗಂಡನಿಗೆ ಮಕ್ಕಳು ಇಟ್ಟ ಹೆಸರು ಫೋಟೋ ಮಾಮ. ಎಂಥ ಅಳುಬುರುಕ ಮಗುವನ್ನಾದರೂ ನಗಿಸುವ ಒಂದು ಉಪಾಯ ಅವನ ಬಳಿ ಇತ್ತು. ಕ್ಯಾಮೆರಾದ ಹಿಂದಿನಿಂದ ಇದ್ದಕ್ಕಿದ್ದಂತೆ, "ಅರೆರೆ, ಯಾರೋ ಬಾಗಿಲು ತೆಗೀತಾ ಇದಾರೆ ನೋಡು!" ಎನ್ನುತ್ತಿದ್ದ. ಮಗು ಅಳು ನಿಲ್ಲಿಸಿ ಹಿಂದಕ್ಕೆ ತಿರುಗಿ ನೀಲಿ ಬಾಗಿಲನ್ನು ನೋಡುತ್ತಿತ್ತು. ಬಾಗಿಲು ಮುಚ್ಚಿಯೇ ಇರುತ್ತಿತ್ತು, ಬಣ್ಣದ ಬಾಗಿಲು ತೆರೆಯುವುದುಂಟೇ. ಈ ಮಾಮ ಸುಳ್ಳುಬುರುಕ ಎಂದು ತಿಳಿದು ಮಗು ನಗುತ್ತಾ ಮತ್ತೆ ಇತ್ತ ತಿರುಗುವ ಆ ಗಳಿಗೆಗೆ ಕ್ಲಿಕ್. ಊರಿನ ಅರ್ಧಕ್ಕರ್ಧ ಮಕ್ಕಳ ನಗು ಹೀಗೆ ಹುಟ್ಟಿದ್ದು.

ಈ ಉಪಾಯ ಸೋತದ್ದು ಒಬ್ಬಳ ಹತ್ತಿರ ಮಾತ್ರ. ಅವಳು ಇವರ ಸ್ವಂತ ಮಗಳು. ಉಳಿದ ಮಕ್ಕಳಂತೆ ಅವಳು ಇತ್ತ ತಿರುಗುತ್ತಲೇ ಇರಲಿಲ್ಲ. ಅಪ್ಪ ಹೇಳಿದ್ದಾನೆ ಎಂದ ಮೇಲೆ ಬಾಗಿಲು ತೆರೆದೇ ತೆರೆಯುತ್ತದೆ ಎಂದು ಅವಳು ನಂಬಿದ್ದಳು. ಕುತ್ತಿಗೆ ತಿರುಗಿಸಿ ಆ ಬಾಗಿಲನ್ನು ನೋಡುತ್ತಾ ನಿಂತಳೆಂದರೆ ನಿಂತಳು.

"ಅಪ್ಪಾ, ಒಳಗಡೆ ಏನಿದೆ?"

"ಒಳಗಡೆ ಒಂದು ಆನೆ ಸ್ನಾನ ಮಾಡ್ತಾ ಇದೆ."

"ಆಮೇಲೆ?"

"ಆನೆ ಮೈ ಒರೆಸೋಕೆ ಟವಲ್ ಹುಡುಕ್ತಾ ಇದೆ."

"ಆಮೇಲೆ?"

ಅವಳ ಆಮೇಲೆಗೆ ಕೊನೆ ಇರಲಿಲ್ಲ. ಅಪ್ಪ ಅವಳಿಗೆ ಆಮೇಲಮ್ಮ ಎಂದೇ ಹೆಸರಿಟ್ಟಿದ್ದ. ಹುಟ್ಟುಹಬ್ಬ ಬಂದಾಗಲೆಲ್ಲ ಹೊಸ ಫ್ರಾಕು ಹಾಕಿಸಿ ಅವಳನ್ನು ಪರದೆಯ ಮುಂದೆ ನಿಲ್ಲಿಸುತ್ತಿದ್ದರು. ಪ್ರತಿ ಸಲವೂ ಫೋಟೋದಲ್ಲಿ ಬೀಳುತ್ತಿದ್ದದ್ದು ಒಂದೇ ಪಕ್ಕ: ಎಡಗಿವಿ, ಎಡಗೆನ್ನೆ, ಹೆಗಲಿಗೆ ತಾಗಿದ ಎಡಗಡೆಯ ಜಡೆ. "ಇದೇನ್ರೀ, ಈ ಸಲವೂ ಹೀಗೇ ಆಯ್ತು" ಎಂದು ಹೆಂಡತಿ ಮುನಿಸಿಕೊಂಡರೆ, "ಮನೆ ಮಗಳಲ್ವೇನೇ, ಯಾವಾಗ ಬೇಕಾದ್ರೂ ತೆಗೆದ್ರಾಯ್ತು. ಮುಂದಿನ ವರ್ಷ ನೇರ ತೆಗೆಯೋಣ" ಎನ್ನುತ್ತಿದ್ದ. ಗಿರಾಕಿಗಳ ರೀಲನ್ನು ಮನೆಯವರಿಗೆ ಸವೆಸಲು ಅವನಿಗೆ ಮನಸ್ಸು ಬಾರದು. ಫೋನಿನೊಳಗೆ ಕ್ಯಾಮೆರಾ ಬರುವುದಕ್ಕೆ ಮುಂಚಿನ ಕಾಲ ಅದು. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆಮೇಲಮ್ಮನಿಗೆ ಎಂಟು ತುಂಬಿ ಒಂಬತ್ತು ನಡೆಯುತ್ತಿದ್ದಾಗ ಜ್ವರ ಬಂತು. ಎಲ್ಲ ಮಕ್ಕಳಿಗೂ ಬರುವ ಜ್ವರದ ಹಾಗೇ ಬಂತು. ಅದು ತಲೆಗೇರಿತು. ಆಸ್ಪತ್ರೆಗೆ ಅಪ್ಪನ ಹೆಗಲ ಮೇಲೆ ಮಲಗಿ ಹೋದವಳು ನಡೆದು ವಾಪಸ್ಸು ಬರಲಿಲ್ಲ.

ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಊರಿಗೆಲ್ಲ ಮುಖ ತೆಗೆದುಕೊಟ್ಟವರ ಮನೆಯಲ್ಲಿ ಮಗಳ ಮುಖ ಇರಲಿಲ್ಲ. ಶಾಲೆಯ ಗುಂಪು ಫೋಟೋದಲ್ಲಿ ಮುಂದೆ ಕೂತ ಹುಡುಗಿಯ ರಿಬ್ಬನ್ನಿನ ಹಿಂದೆ ಅವಳ ಹಣೆ ಮಾತ್ರ ಕಾಣುತ್ತಿತ್ತು. ತಾಯಿ ಮೇಜಿನ ಮುಂದೆ ಕೂತಳು. ಹುಟ್ಟುಹಬ್ಬದ ಫೋಟೋ ನೋಡಿ ಎಡಗಡೆಯ ಅರ್ಧ ಮುಖ ಬರೆದಳು. ಅದನ್ನೇ ಮಗುಚಿ ಬಲಗಡೆಯ ಅರ್ಧ ಮಾಡಿ ಜೋಡಿಸಿದಳು. ಕಣ್ಣು ಅವಳದೇ, ಮೂಗು ಅವಳದೇ. ಆದರೆ ಮನುಷ್ಯರ ಮುಖದ ಎರಡು ಪಕ್ಕ ಒಂದೇ ಸಮ ಇರುವುದಿಲ್ಲವಲ್ಲ, ಕಾಗದದ ಮೇಲಿಂದ ಯಾರೋ ಪರಕೀಯ ಹುಡುಗಿ ಅವಳನ್ನು ದಿಟ್ಟಿಸಿದಳು. ಹರಿದಳು, ಬರೆದಳು, ಮತ್ತೆ ಹರಿದಳು. ಬೆರಳು ಸೋತಾಗ ಕುಂಚ ಬಿಸಾಡಿ, ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿ, "ಬಾಗಿಲು ಬಾಗಿಲು ಅಂತ ನನ್ನ ಮಗಳ ಮುಖಾನೇ ನನಗೆ ಉಳಿಸಲಿಲ್ಲ ನೀವು" ಎಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬಿಳಿಚಿಕೊಂಡು ಅಲ್ಲಿಯೇ ನಿಂತ. ಏನೋ ಹೇಳಲು ಬಾಯಿ ತೆರೆದು, ಹೇಳದೆ ಮುಚ್ಚಿದ. ಹಾಗೆ ಮುಚ್ಚಿದ ಬಾಯನ್ನು ಮಗಳ ವಿಷಯಕ್ಕೆ ಮತ್ತೆಂದೂ ತೆರೆಯಲಿಲ್ಲ. ಪರದೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದ. ಅದರ ಜಾಗಕ್ಕೆ ಒಂದು ಬಿಳಿ ಬಟ್ಟೆ ಕಟ್ಟಿ, ಇನ್ನು ಮೇಲೆ ಪಾಸ್‌ಪೋರ್ಟ್ ಫೋಟೋ ಮಾತ್ರ ಎಂದು ಬೋರ್ಡು ಬರೆಸಿದ. "ನೇರ ನೋಡಿ. ಕಿವಿ ಕಾಣಲಿ. ನಗಬೇಡಿ." ದಿನಕ್ಕೆ ಅಷ್ಟು ಮಾತು. ಫೋಟೋ ಮಾಮನಿಗೆ ಊರ ಮಕ್ಕಳು ನಗಬೇಡಿ ಮಾಮ ಎಂದು ಹೆಸರು ಬದಲಾಯಿಸಿದರು.

ಕೆಟ್ಟವನಲ್ಲ. ಕುಡಿತ ಇಲ್ಲ, ಬೈಗುಳ ಇಲ್ಲ. ಅವಳಿಗೆ ಸೊಂಟ ಹಿಡಿದ ದಿನ ನೀರು ಕಾಯಿಸಿ ಕೊಡುತ್ತಿದ್ದ, ಈಗ ಕಂಪ್ಯೂಟರೇ ಮೊಡವೆ ಅಳಿಸುವ ಕಾಲದಲ್ಲೂ ಅವಳಿಗೆಂದು ಹೊಸ ಕುಂಚ ತಂದಿಡುತ್ತಿದ್ದ. ಆದರೆ ಮಗಳ ಸುದ್ದಿ ಬಂದರೆ ಸಾಕು, ಎದ್ದು ಹೋಗುತ್ತಿದ್ದ. "ಅವಳಿದ್ದಿದ್ರೆ ಈಗ ಕಾಲೇಜು ಮುಗೀತಿತ್ತು" ಎಂದು ಒಮ್ಮೆ ಅವಳು ಬೇಕೆಂದೇ ಹೇಳಿದಾಗ, "ನಲ್ಲಿ ಸೋರ್ತಾ ಇದೆ ಅನ್ಸುತ್ತೆ" ಎಂದು ಹಿತ್ತಲಿಗೆ ಹೋದ. ನಲ್ಲಿ ಸೋರುತ್ತಿರಲಿಲ್ಲ.

ಟಚ್ಚಿಂಗ್ ಅಕ್ಕನಿಗೆ ಅವನ ಮಾತು ಬೇಕಿದ್ದದ್ದು ಸಮಾಧಾನಕ್ಕಲ್ಲ. ಅವಳಿಗೆ ಬೇರೆಯೇ ಒಂದು ದಿಗಿಲು ಹಿಡಿದಿತ್ತು. ಎಷ್ಟೋ ಸಲ ಬರೆದು ಬರೆದು, ಆ ಜೋಡಿಸಿದ ಮುಖ ನಿಜವಾದ ಮುಖವನ್ನು ತಿಂದುಹಾಕಿತ್ತು. ಕಣ್ಣು ಮುಚ್ಚಿದರೆ ಈಗ ಬರುತ್ತಿದ್ದವಳು ಆ ಪರಕೀಯ ಹುಡುಗಿ. ಹೆತ್ತ ಮಗಳ ಮುಖ ಮರೆತಿದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ಆ ಮುಖವನ್ನು ದಿನಾ ಕಂಡಿದ್ದ ಇನ್ನೊಬ್ಬ ಮನುಷ್ಯ ಭೂಮಿಯ ಮೇಲೆ ಇವನೊಬ್ಬನೇ. ಇವನೋ ಬಾಯಿಗೆ ಬೀಗ ಹಾಕಿ ಬೀಗದ ಕೈ ನುಂಗಿ ಕೂತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ, ಹಿಂದೊಮ್ಮೆ ಇವರ ಪರದೆಯ ಮುಂದೆ ಮದುಮಗಳಾಗಿ ನಿಂತಿದ್ದ ಹೆಂಗಸೊಬ್ಬಳು ಪರದೇಶ ಸುತ್ತಿ ಬಂದು ಸ್ಟುಡಿಯೋಗೆ ಓಡೋಡಿ ಬಂದಳು. "ಅಕ್ಕಾ, ಇದನ್ನ ನೋಡಿ ಒಂದ್ಸಲ!" ಎಂದು ಫೋನು ಹಿಡಿದಳು. ಬಿಳಿ ಮೆಟ್ಟಿಲು. ನೀಲಿ ಬಾಗಿಲು. ಬಾಗಿಲಿನ ಮೇಲೆ ಅದೇ ಕಮಾನು, ಕಮಾನಿನಲ್ಲಿ ಅದೇ ಸೀಳಿದ ಕಲ್ಲು. ಗಡಿ ದಾಟಿದರೆ ಎರಡು ದಿನದ ದಾರಿಯ ಕಡಲೂರಂತೆ. ಮೀಸೆ ತಿರುವಿದ ಪುಣ್ಯಾತ್ಮ ಯಾವುದೋ ಚಿತ್ರ ನೋಡಿ ಕದ್ದು ಬರೆದಿದ್ದ, ಅಷ್ಟೇ. ಗಂಡ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಎದ್ದು ಹೋಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು, "ಹೋಗಿ ಬರೋಣ" ಎಂದಳು. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟು, "ಹೂಂ" ಎಂದ. ಮರುದಿನ ಹಳೇ ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟು ಬಂದು, ಅವಳನ್ನು ಬಿಳಿ ಬಟ್ಟೆಯ ಮುಂದೆ ಕೂರಿಸಿ ಪಾಸ್‌ಪೋರ್ಟ್ ಫೋಟೋ ತೆಗೆದ.

"ನೇರ ನೋಡು. ನಗಬೇಡ."

"ನಾನು ನಕ್ಕು ಎಷ್ಟು ಕಾಲ ಆಯ್ತು ಅಂತ ನಿಮಗೆ ಗೊತ್ತಿಲ್ವಾ?" ಎಂದಳು. ಅವನು ಕ್ಲಿಕ್ ಮಾಡಿದ.

ಹೊರಡುವ ಹಿಂದಿನ ದಿನ ಅವಳು ತಂಗಿಗೆ ಫೋನು ಮಾಡಿದಳು. ತಂಗಿಯ ಮನೆ ಹೆದ್ದಾರಿ ಕವಲೊಡೆಯುವ ಕಡೆ, ಹೋಗುವಾಗಲೂ ಬರುವಾಗಲೂ ಸಿಗುವ ಜಾಗ.

"ಹಿಂದಿನ ರೂಮು ಖಾಲಿ ಮಾಡಿಡು. ಆ ಬಾಗಿಲ ಮುಂದೆ ನಿಂತೂ ಇವರು ಮಗಳ ಹೆಸರು ಎತ್ತಲಿಲ್ಲ ಅಂದ್ರೆ, ಬರುವಾಗ ನಾನು ನಿನ್ನ ಮನೆ ಹತ್ರ ಇಳಿದುಬಿಡ್ತೀನಿ. ಅವರು ಒಬ್ಬರೇ ಮನೆಗೆ ಹೋಗ್ಲಿ."

"ಅಕ್ಕಾ, ತಲೆ ನೆಟ್ಟಗಿದೆಯಾ? ಈ ವಯಸ್ಸಿನಲ್ಲಾ?"

"ಈ ವಯಸ್ಸಿನಲ್ಲೇ. ಇನ್ನೂ ಎಷ್ಟು ವರ್ಷ ಗೋಡೆ ಜೊತೆ ಸಂಸಾರ ಮಾಡ್ಲಿ?"

ಪ್ರವಾಸಕ್ಕೆ ಬೇಕಾಗುವುದಕ್ಕಿಂತ ಹೆಚ್ಚು ತುಂಬಿಕೊಂಡಳು. ಚಳಿಗಾಲದ ಶಾಲು, ವರ್ಷಕ್ಕಾಗುವಷ್ಟು ಮಾತ್ರೆಯ ಡಬ್ಬಿಗಳು, ಕುಂಚಗಳು. ಅವನು ಸೂಟ್‌ಕೇಸನ್ನು ಡಿಕ್ಕಿಗೆ ಎತ್ತಿ ಇಡುವಾಗ, "ಭಾರ ಇದೆ" ಎಂದ, ಯಾಕೆ ಎಂದು ಕೇಳಲಿಲ್ಲ. ಅವಳು ಡಿಕ್ಕಿಯೊಳಗೆ ಇಣುಕಿದಳು. ಕ್ಯಾಮೆರಾದ ಚೀಲ ಇರಲಿಲ್ಲ. ಜೀವಮಾನವಿಡೀ ಆ ಬಾಗಿಲ ಫೋಟೋ ತೆಗೆದವನು, ಆ ಬಾಗಿಲನ್ನು ನೋಡಲು ಹೋಗುವಾಗ ಕ್ಯಾಮೆರಾ ಬಿಟ್ಟು ಹೊರಟಿದ್ದ. ಇವನು ನನ್ನ ಸಮಾಧಾನಕ್ಕೆ ಬರುತ್ತಿದ್ದಾನೆ, ಅಷ್ಟೇ, ಅಲ್ಲಿ ಹೋದರೂ ಗೋಡೆ ಗೋಡೆಯೇ ಎಂದುಕೊಂಡಳು.

ಕವಲು ದಾರಿ ಬಂದಾಗ ಅವನು ಕಾರು ನಿಧಾನ ಮಾಡಿದ. "ತಂಗಿ ಮನೆಗೆ ಹೋಗಿ ಹೋಗೋಣ್ವಾ?"

"ಬರುವಾಗ" ಎಂದಳು, ಕಿಟಕಿಯ ಆಚೆ ನೋಡುತ್ತಾ.

ಗಡಿಯ ಠಾಣೆಯಲ್ಲಿ ಅಧಿಕಾರಿ ಪಾಸ್‌ಪೋರ್ಟು ನೋಡಿದ, ಮುಖ ನೋಡಿದ. ಇಬ್ಬರೂ ಅಭ್ಯಾಸಬಲದಿಂದ ಕಿವಿ ಕಾಣುವಂತೆ ನೇರ ನೋಡಿ, ನಗದೆ ನಿಂತರು. ಅವರ ಗಾಂಭೀರ್ಯ ಕಂಡು ಅವನಿಗೇ ನಗು ಬಂತು. ಹಿಂದಿನ ಸೀಟಿನ ಕಡೆ ಬಗ್ಗಿ, ಅಂಗೈಯನ್ನು ತನ್ನ ಸೊಂಟದ ಎತ್ತರಕ್ಕೆ ಹಿಡಿದು ಏನೋ ಕೇಳಿದ. ಭಾಷೆ ಬಾರದಿದ್ದರೂ ಆ ಕೈಯ ಅರ್ಥ ಯಾರಿಗಾದರೂ ಆಗುತ್ತದೆ. ಮಕ್ಕಳು ಇದ್ದಾರಾ? ಗಂಡ ತಲೆ ಅಲ್ಲಾಡಿಸಿದ. ಇಲ್ಲ.

ಠಾಣೆ ಕಣ್ಮರೆಯಾಗುವ ತನಕ ತಡೆದುಕೊಂಡಿದ್ದವಳು ಸಿಡಿದಳು. "ಇಲ್ಲ ಅಂತ ತಲೆ ಆಡಿಸಿಬಿಟ್ರಲ್ಲ. ಇದ್ಲು ಅನ್ನೋಕೆ ನಿಮ್ಮ ಗಂಟೇನು ಹೋಗ್ತಿತ್ತು?"

"ಅವನಿಗೆ ಯಾಕೆ ಅದೆಲ್ಲ. ಕಾರಲ್ಲಿ ಯಾರಿದಾರೆ ಅಂತ ಕೇಳ್ದ."

"ಅವನಿಗೆ ಬೇಡ. ನನಗೆ ಬೇಕಿತ್ತು."

ಅವನು ಗೇರು ಬದಲಾಯಿಸಿದ. ಆ ದೇಶದಲ್ಲಿ ಗಾಡಿಗಳು ರಸ್ತೆಯ ಇನ್ನೊಂದು ಮಗ್ಗುಲಲ್ಲಿ ಓಡುತ್ತಿದ್ದವು. ಅವನು ಆಗಾಗ ಮರೆತು ಎದುರಿನ ಲಾರಿಗೇ ಮುಖ ಮಾಡುತ್ತಿದ್ದ, ಅವಳು, "ಆ ಕಡೆ ರೀ, ಆ ಕಡೆ!" ಎಂದು ಕಿರುಚುತ್ತಿದ್ದಳು. ಜಗಳವಾಡಿ ಮಾತು ಬಿಟ್ಟವರಿಗೂ ಜೀವದ ಮೇಲೆ ಆಸೆ ಇರುತ್ತದೆ ನೋಡಿ. ಊರ ಹೆಸರಿನ ಅಕ್ಷರ ಓದಲು ಬಾರದೆ, ಚೀಟಿಯಲ್ಲಿ ಬರೆದುಕೊಂಡಿದ್ದ ಆಕಾರವನ್ನು ಬೋರ್ಡಿನ ಆಕಾರಕ್ಕೆ ಹೊಂದಿಸಿ ಅವಳು ದಾರಿ ಹೇಳುತ್ತಿದ್ದಳು. ಒಂದು ಕಡೆ ಒಂದೇ ವೃತ್ತವನ್ನು ಸುತ್ತಿದ್ದೇ ಸುತ್ತಿದ್ದು. ಪಕ್ಕದಲ್ಲಿ ಹೂವಿನ ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿ ಪೈಪು ಕೆಳಗಿಟ್ಟು ಇವರನ್ನೇ ನೋಡುತ್ತಾ ನಿಂತ.

ಸಂಜೆ ಸಿಕ್ಕ ಲಾಡ್ಜಿನ ಕೋಣೆಯಲ್ಲಿ ಎರಡು ಕಿರಿದಾದ ಮಂಚ, ಈ ಗೋಡೆಗೊಂದು ಆ ಗೋಡೆಗೊಂದು. ಅವಳು ಕೇಳದೆಯೇ ಅವನು ತನ್ನ ಮಂಚವನ್ನು ಅವಳ ಕಡೆಗೆ ಎಳೆಯಲು ನೋಡಿದ. ಅದು ಮಿಸುಕಲಿಲ್ಲ. ಬಗ್ಗಿ ನೋಡಿ, "ನೆಲಕ್ಕೆ ಬೋಲ್ಟು ಹಾಕಿದಾರೆ" ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ. "ಇರಲಿ ಬಿಡಿ, ಅಭ್ಯಾಸ ಆಗಲಿ" ಎಂದಳು. ಯಾವುದಕ್ಕೆ ಅಭ್ಯಾಸ ಎಂದು ಅವನು ಕೇಳಿದ್ದರೆ ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದಳು. ಅವನು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ನೋಡುತ್ತಾ ಕೂತವಳಿಗೆ ಕೋಪವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಬೆನ್ನು ಎಷ್ಟು ಬಾಗಿಹೋಗಿತ್ತು.

ಮರುದಿನ ಬಿಸಿಲೇರುವ ಹೊತ್ತಿಗೆ ಕಡಲೂರು ಬಂತು. ಉಪ್ಪು ಗಾಳಿ, ಮೀನಿನ ವಾಸನೆ, ಒಂದರ ಮೇಲೊಂದು ಹತ್ತಿ ಕೂತ ಮನೆಗಳು. ಕಾರು ಹೋಗದಷ್ಟು ಇಕ್ಕಟ್ಟಾದ ಬೀದಿ. ಕಾರನ್ನು ಕೆಳಗೆ ಬಿಟ್ಟು ನಡೆದರು. ಫೋನಿನ ಚಿತ್ರವನ್ನು ಒಬ್ಬ ಕ್ಷೌರಿಕನಿಗೆ ತೋರಿಸಿದಾಗ, ಅವನು ಅರ್ಧ ಬೋಳಿಸಿದ ಗಿರಾಕಿಯನ್ನು ಹಾಗೇ ಕೂರಿಸಿ, ಕ್ಷೌರದ ಕತ್ತಿ ಹಿಡಿದುಕೊಂಡೇ ತಿರುವಿನ ತನಕ ಬಂದು ತೋರಿಸಿ ಹೋದ.

ಬಾಗಿಲು ಅಲ್ಲಿತ್ತು.

ಟಚ್ಚಿಂಗ್ ಅಕ್ಕ ಮೊದಲು ಕಂಡದ್ದು ತಪ್ಪುಗಳನ್ನೇ. ಮೆಟ್ಟಿಲು ಪರದೆಯಲ್ಲಿದ್ದಷ್ಟು ಇರಲಿಲ್ಲ, ಇದ್ದವೂ ಮೂಲೆ ಉದುರಿದ್ದವು. ನೀಲಿ ಬಿಸಿಲಿಗೆ ಬೆಂದು ಬೂದಿಯ ಹಾಗಾಗಿತ್ತು. ಪಕ್ಕದಲ್ಲಿ ತುಕ್ಕು ಹಿಡಿದ ನೀರಿನ ಮೀಟರು, ಕಸದ ಡಬ್ಬ. ಕಡಲಂತೂ ಅಲ್ಲಿ ಕಾಣುತ್ತಲೇ ಇರಲಿಲ್ಲ, ಅದು ಬೀದಿಯ ಆ ತುದಿಯಲ್ಲಿತ್ತು. ಪುಣ್ಯಾತ್ಮ ಕಡಲನ್ನು ಎಳೆದು ತಂದು ಬಾಗಿಲ ಪಕ್ಕ ಕೂರಿಸಿದ್ದ. ಅವನೂ ನನ್ನ ಹಾಗೆ ಟಚ್ಚಿಂಗ್ ಮಾಡಿದವನೇ ಎಂದುಕೊಂಡಳು. ಆಮೇಲೆ, ಪರದೆಯ ಮುಂದೆ ಮಗಳು ನಿಲ್ಲುತ್ತಿದ್ದ ಜಾಗಕ್ಕೆ ಅವಳ ಕಣ್ಣು ಹೋಯಿತು. ಕೆಳಗಿನ ಮೆಟ್ಟಿಲಿನಿಂದ ಎರಡು ಹೆಜ್ಜೆ ಮುಂದೆ. ಅಲ್ಲಿ ಒಂದು ಸಿಗರೇಟಿನ ತುಂಡು ಬಿದ್ದಿತ್ತು. ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

ಗಂಡನ ಕಡೆ ನೋಡಿದಳು. ಹೇಳಿ, ಈಗಲಾದರೂ ಹೇಳಿ. ಹೆಸರೊಂದೇ ಸಾಕು.

ಅವನು ಬಾಗಿಲನ್ನು ನೋಡುತ್ತಾ ನಿಂತಿದ್ದ. ಕರವಸ್ತ್ರ ತೆಗೆದು ಕನ್ನಡಕ ಒರೆಸಿದ. ಕತ್ತು ಒರೆಸಿಕೊಂಡ.

"ಬಿಸಿಲು ಜಾಸ್ತಿ ಇದೆ" ಎಂದ. "ಹೋಗೋಣ್ವಾ?"

ಅವಳಿಗೆ ಅಳು ಕೂಡ ಬರಲಿಲ್ಲ. "ಹೋಗೋಣ" ಎಂದಳು. ಮುಗಿಯಿತು ಎಂದುಕೊಂಡು ತಿರುಗಿ ನಡೆದಳು. ತಂಗಿಯ ಮನೆಯ ಹಿಂದಿನ ರೂಮಿಗೆ ಬೆಳಗಿನ ಬಿಸಿಲು ಬೀಳುತ್ತದೆ, ಕಿಟಕಿಯ ಹತ್ತಿರ ಒಂದು ಮೇಜು ಹಾಕಿಸಿಕೊಳ್ಳಬೇಕು, ಇಷ್ಟು ಯೋಚಿಸುವಷ್ಟರಲ್ಲಿ ಕ್ಷೌರಿಕನ ಅಂಗಡಿಯ ತಿರುವು ಬಂತು. ಹಿಂದೆ ಹೆಜ್ಜೆಯ ಸದ್ದು ಇರಲಿಲ್ಲ. ಟಕ್ ಟಕ್ ಎಂದು ಬೇರೆ ಸದ್ದು ಬಂತು. ತಿರುಗಿ ನೋಡಿದರೆ, ಅವನು ಮೆಟ್ಟಿಲು ಹತ್ತಿ ಆ ಬಾಗಿಲು ತಟ್ಟುತ್ತಿದ್ದ.

ನೆಂಟರ ಮನೆಯ ಬಾಗಿಲು ತಟ್ಟಲೂ ಹಿಂದೆಮುಂದೆ ನೋಡುವ ಮನುಷ್ಯ. ಅವಳು ಓಡಿ ಬಂದಳು. ಅಷ್ಟರಲ್ಲಿ ಬಾಗಿಲು ಒಂದು ಗೇಣು ತೆರೆದು, ಒದ್ದೆ ಕೈಯ ಒಬ್ಬ ವಯಸ್ಸಾದ ಹೆಂಗಸು ಇಣುಕಿದಳು. ಅವನು ಕೈ ಮುಗಿದು, ತನ್ನ ಭಾಷೆಯಲ್ಲೇ, "ತಪ್ಪು ತಿಳ್ಕೋಬೇಡಿ ತಾಯೀ. ಒಳಗಡೆ ಏನಿದೆ ಅಂತ ಒಂದ್ಸಲ ನೋಡಬೇಕಿತ್ತು" ಎಂದ. ಆಕೆಗೆ ಏನು ತಿಳಿಯಬೇಕು. ಬಿಸಿಲಿಗೆ ಬಾಯಾರಿದವರು ಎಂದುಕೊಂಡಳೋ ಏನೋ, ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಅವನು ನೀರು ಮುಟ್ಟಲಿಲ್ಲ, ಬಾಗಿಲನ್ನೇ ತೋರಿಸಿದ. ಆಕೆ ಒಮ್ಮೆ ಅವನ ಮುಖ ನೋಡಿದಳು, ಒಮ್ಮೆ ಹೆಂಡತಿಯ ಮುಖ ನೋಡಿದಳು. ಏನು ಕಂಡಳೋ, ಲೋಟವನ್ನು ಹೆಂಡತಿಯ ಕೈಗೆ ಕೊಟ್ಟು, ಬಾಗಿಲನ್ನು ಗೋಡೆಯ ತನಕ ಪೂರ್ತಿ ತೆರೆದಿಟ್ಟು ಪಕ್ಕಕ್ಕೆ ಸರಿದಳು.

ಅವನು ಹೊಸ್ತಿಲ ಈಚೆಯೇ ನಿಂತು ನೋಡಿದ. ಮೂಲೆ ಮೂಲೆಯನ್ನೂ ನೋಡಿದ. ನೋಡಿ ಮುಗಿಸಿ, ನಿಧಾನವಾಗಿ ಬೀದಿಯ ಕಡೆ ತಿರುಗಿದ. ಹೆಂಡತಿಯನ್ನು ನೋಡಲಿಲ್ಲ. ಕೆಳಗಿನ ಮೆಟ್ಟಿಲಿನಿಂದ ಎರಡು ಹೆಜ್ಜೆ ಮುಂದೆ, ಯಾರೂ ಇಲ್ಲದ ಆ ಜಾಗವನ್ನು, ಸೊಂಟದ ಎತ್ತರಕ್ಕೆ, ನೋಡಿದ.

"ಆಮೇಲಮ್ಮಾ" ಎಂದ. "ಒಳಗಡೆ ಬಟ್ಟೆ ಒಣಗೋಕೆ ಹಾಕಿದಾರೆ ಕಣೇ."

ಹೆಂಡತಿ ಲೋಟ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತಳು. ತಂಗಿ ಸುಮ್ಮನೆ ರೂಮು ಖಾಲಿ ಮಾಡಿದಳು, ಪಾಪ. ಇಷ್ಟು ವರ್ಷ ಈ ಒಂದು ಶಬ್ದಕ್ಕೆ ಕಾದಿದ್ದಳು.

ಅವನಿಗೆ ಮುಂದೆ ಹೇಳಲು ಆಗಲಿಲ್ಲ. ಅವನು ಏನನ್ನೋ ಕಾಯುತ್ತಿದ್ದ. ಏನನ್ನು ಎಂದು ಅವಳಿಗೆ ತಿಳಿಯಿತು. ಅಪ್ಪ ಹೇಳುವುದನ್ನು ನಿಲ್ಲಿಸಿದ ಕೂಡಲೇ ಒಂದು ಪುಟ್ಟ ದನಿ ಬರಬೇಕಿತ್ತು, ಯಾವಾಗಲೂ ಬರುತ್ತಿತ್ತು. ಆ ದನಿ ಇಲ್ಲದೆ ಅವನಿಗೆ ಮುಂದಿನ ಮಾತು ಹೊರಡದು.

"ಆಮೇಲೆ?" ಎಂದಳು ಅವಳು.

ಅವನು ಬೆಚ್ಚಿ ಅವಳ ಕಡೆ ತಿರುಗಿದ. ಕಣ್ಣು ತುಂಬಿತ್ತು.

"ಆಮೇಲೆ ಒಂದು ಸೈಕಲ್ ಇದೆ. ಮುಂದಿನ ಚಕ್ರ ಇಲ್ಲ."

"ಆಮೇಲೆ?"

"ಕೆಂಪು ಬಕೆಟ್ಟು. ನೀರು ತುಂಬಿದೆ. ಒಂದು ಕುರ್ಚಿ, ಅದರ ಮೇಲೆ ಬೆಕ್ಕು ಮಲಗಿದೆ."

"ಆಮೇಲೆ?"

"ಆನೆ ಇಲ್ಲ ಕಣೇ. ಆನೆ ಇದೆ ಅಂತ ಅಪ್ಪ ಸುಳ್ಳು ಹೇಳಿದ್ದ." ಅಷ್ಟು ಹೇಳಿ ಅವನು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತ. ಆ ಮನೆಯ ಹೆಂಗಸು ಬಾಗಿಲು ಮುಚ್ಚಲೂ ಆಗದೆ ತೆರೆದಿಡಲೂ ಆಗದೆ, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ನಿಂತಿದ್ದಳು.

ಅಳು ಸ್ವಲ್ಪ ತಗ್ಗಿದ ಮೇಲೆ ಅವಳು ನೀರಿನ ಲೋಟವನ್ನು ಅವನ ಕೈಗಿಟ್ಟಳು. ಒಂದು ಗುಟುಕು ಕುಡಿದ.

"ಒಂದು ಹೇಳ್ಲಾ?" ಎಂದ.

"ಹೇಳಿ."

"ಒಂದು ಸಲ ಅವಳು ತಿರುಗಿದ್ಲು."

ಅವಳು ಅವನ ಕಡೆ ತಿರುಗಿ ಕೂತಳು.

"ಕೊನೇ ಹುಟ್ಟುಹಬ್ಬಕ್ಕೆ. ನೀನು ಒಳಗೆ ಪಾಯಸದ ಪಾತ್ರೆ ತರೋಕೆ ಹೋಗಿದ್ದೆ. ಎಂದಿನ ಹಾಗೆ ಬಾಗಿಲು ನೋಡ್ತಾ ನಿಂತಿದ್ಲು, ನಾನು ಕ್ಲಿಕ್ ಮಾಡ್ದೆ. ಅದೇ ಕಡೇ ಫಿಲ್ಮು. ಕ್ಲಿಕ್ ಆದ ತಕ್ಷಣ ತಿರುಗಿ, ನೇರ ನನ್ನೇ ನೋಡಿ ನಕ್ಕಳು. ಕ್ಯಾಮೆರಾದಲ್ಲೇ ನೋಡ್ದೆ. ರೀಲು ಮುಗಿದಿತ್ತು." ಅವನು ಲೋಟದೊಳಗೆ ನೋಡುತ್ತಾ ಹೇಳಿದ. "ಇನ್ನೊಂದು ರೀಲು ಕಪಾಟಿನಲ್ಲೇ ಇತ್ತು. ಡಬ್ಬಿ ಬಿಚ್ಚಿ ಹಾಕೋಕೆ ಎಷ್ಟು ಹೊತ್ತು. ಇರಲಿ ಬಿಡು ಅಂದ್ಕೊಂಡೆ. ನೀನು ಅವತ್ತು, ಮುಖ ಉಳಿಸಲಿಲ್ಲ ಅಂದಾಗ... ಹೇಗೆ ಹೇಳ್ಲಿ, ನನ್ನ ಹತ್ರ ಇದೆ, ನಿನಗೆ ಕೊಡೋಕಾಗಲ್ಲ ಅಂತ."

ಅವಳು ಅವನ ಮೊಣಕೈ ಹಿಡಿದುಕೊಂಡಳು. ಬೈಯಬೇಕೆಂದು 'ಅಯ್ಯೋ' ಎಂದವಳ ಬಾಯಲ್ಲಿ ಬೇರೆಯೇ ಮಾತು ಬಂತು. ತನಗೇ ಕೇಳಿಸಬಾರದು ಎಂಬಂತೆ ಮೆಲ್ಲಗೆ ಕೇಳಿದಳು.

"ನನಗೆ ಅವಳ ಮುಖ ಮರೆತುಹೋಗಿದೆ ರೀ. ಹೇಗಿದ್ಲು ಹೇಳಿ."

ಅವನಿಗೆ ಆಶ್ಚರ್ಯವಾಗಲಿಲ್ಲ. ಕಣ್ಣು ಮುಚ್ಚಿಕೊಂಡ. ಹಿಂದೆ ಲೆನ್ಸ್ ಸರಿಮಾಡುವಾಗ ಮಾಡುತ್ತಿದ್ದಂತೆ ತಲೆಯನ್ನು ತುಸು ವಾಲಿಸಿದ.

"ಎರಡು ಪಕ್ಕ ಒಂದೇ ಥರ ಇರ್ಲಿಲ್ಲ. ಬಲಗಡೆ ಹುಬ್ಬು ಸ್ವಲ್ಪ ಮೇಲೆ, ಯಾವಾಗಲೂ ಏನೋ ಕೇಳೋ ಹಾಗೆ. ಮೇಲಿನ ಹಲ್ಲು ಒಂದು ಬಿದ್ದಿತ್ತು, ಹೊಸಾದು ಅರ್ಧ ಬಂದಿತ್ತು. ನಕ್ಕರೆ ಬಲಗೆನ್ನೆಯಲ್ಲಿ ಮಾತ್ರ..."

"ಗುಳಿ" ಎಂದಳು ಅವಳು. ಥಟ್ಟನೆ ಎಂದಳು. "ಗುಳಿ ಬೀಳ್ತಿತ್ತು. ಬೆರಳಿಟ್ಟರೆ ಬೆರಳು ಕೂರ್ತಿತ್ತು." ಪರಕೀಯ ಹುಡುಗಿ ಸರಿದು ನಿಂತಳು. ಅವಳ ಹಿಂದೆ ಇಷ್ಟು ವರ್ಷವೂ ಅಲ್ಲೇ ಇದ್ದವಳು, ಒಂದು ಹುಬ್ಬು ಎತ್ತಿ, ತಾಯಿಯನ್ನು ನೇರ ನೋಡಿದಳು. ತಾಯಿ ಆ ಊರಿನ ಬೀದಿಯಲ್ಲಿ, ಕ್ಷೌರಿಕನೂ ಅವನ ಅರ್ಧ ಬೋಳಿಸಿದ ಗಿರಾಕಿಯೂ ತಿರುವಿನಲ್ಲಿ ನಿಂತು ನೋಡುತ್ತಿರುವಾಗ, ಗಟ್ಟಿಯಾಗಿ ಅತ್ತಳು.

ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಕೇಳಿದಳು. "ತಿರುಗಿದಾಗ ಏನಾದ್ರೂ ಅಂದ್ಲಾ?"

"ಇನ್ನೇನು ಅಂತಾಳೆ. ಆನೆ ಟವಲ್ ಹುಡುಕ್ತಾ ಇದೆ ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದ್ದೆ. 'ಆಮೇಲೆ?' ಅಂದ್ಲು."

"ನೀವೇನಂದ್ರಿ?"

ಅವನು ಖಾಲಿ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟ.

"ಮುಂದಿನ ವರ್ಷ ಹೇಳ್ತೀನಿ ಹೋಗೇ, ಅಂದೆ."